ನಗುತ್ತಾ ಮನೆಗೆ ಹೋದವಳು

ತುರ್ತು ವಾರ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ವಿಷ ಕುಡಿದವರ, ಮಾತ್ರೆ ನುಂಗಿದವರ ಆರೈಕೆಯಲ್ಲೇ ಇಪ್ಪತ್ತಾರು ವರ್ಷ ಸವೆಸಿದವರು. ನೊರೆ ಕಾರುವವರನ್ನು, ಕಿರುಚಾಡುವವರನ್ನು ಕಂಡು ಅವರೆಂದೂ ಹೆದರಿದವರಲ್ಲ. ಅವರಿಗೆ ಭಯ, ನಗುತ್ತಾ ಕೂತವರನ್ನು ಕಂಡರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊಲಿಗೆ ಕೆಲಸದ ಹುಡುಗಿಯೊಬ್ಬಳು ಅಣ್ಣನ ಜೊತೆ ನಡೆದುಕೊಂಡೇ ಬಂದಿದ್ದಳು. ಅತ್ತಿಗೆಯ ಮೇಲಿನ ಸಿಟ್ಟಿಗೆ ಮನೆಯಲ್ಲಿದ್ದ ಜ್ವರದ ಮಾತ್ರೆಗಳನ್ನೆಲ್ಲ ನುಂಗಿದ್ದಳು.

"ವಾಂತಿ ಆಯ್ತು ಸಿಸ್ಟರ್, ಈಗೇನೂ ಇಲ್ಲ. ಬರೀ ಜ್ವರದ ಮಾತ್ರೆ ಅಲ್ವಾ?" ಎಂದು ನಕ್ಕಳು.

ನಾಡಿ ಸರಿಯಿತ್ತು. ಡಾಕ್ಟರು ಆಪರೇಷನ್ನಿನಲ್ಲಿದ್ದರು. "ಏನೂ ಆಗಲ್ಲ, ಹೋಗಿ ಮಲಗಮ್ಮ" ಎಂದು ಸಿಸ್ಟರ್ ಕಳಿಸಿಬಿಟ್ಟರು.

ನಾಲ್ಕನೇ ದಿನ ಅಣ್ಣ ಅವಳನ್ನು ಹೊತ್ತು ತಂದ. ಕಣ್ಣು, ಉಗುರು ಎಲ್ಲ ಹಳದಿ. ಲಿವರ್ ಕೆಟ್ಟುಹೋಗಿತ್ತು. ಮೊದಲ ದಿನವೇ ಕೊಟ್ಟಿದ್ದರೆ ಉಳಿಸಬಹುದಾಗಿದ್ದ ಮದ್ದು ಕಪಾಟಿನಲ್ಲೇ ಇತ್ತು. ಅವಳು ತೀರಿಕೊಂಡ ಮೇಲೆ ಅಣ್ಣ ಕೂಗಾಡಲಿಲ್ಲ. "ಏನೂ ಆಗಲ್ಲ ಅಂದಿದ್ರಲ್ಲ ಅಕ್ಕಾ" ಎಂದಷ್ಟೇ ಕೇಳಿದ. ಆ ಮಾತು ಅಂದಿನಿಂದ ಸಿಸ್ಟರ್ ಬೆನ್ನು ಬಿಡಲಿಲ್ಲ. ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗಲೂ ಕಿವಿಯಲ್ಲಿ ಅದೇ.

ಮೊನ್ನೆ ಮಧ್ಯಾಹ್ನ ಲಾರಿ ಚಾಲಕನೊಬ್ಬ ಹಲ್ಲುನೋವೆಂದು ಬಂದ. ಮೂರು ದಿನದಿಂದ ಅದೇ ಜ್ವರದ ಮಾತ್ರೆಗಳನ್ನು ಮುಷ್ಟಿಗಟ್ಟಲೆ ನುಂಗುತ್ತಿದ್ದನಂತೆ.

"ನಂಗೇನಾಗಿದೆ? ಚೆನ್ನಾಗೇ ಇದ್ದೀನಿ. ಲೋಡ್ ಇದೆ, ಬಿಡಿ" ಎಂದು ನಗುತ್ತಾ ಎದ್ದ.

ಸಿಸ್ಟರ್ ಮೇಜಿನ ಮೇಲಿದ್ದ ಅವನ ಲಾರಿ ಕೀಲಿಯನ್ನು ಎತ್ತಿ ತಮ್ಮ ಜೇಬಿಗಿಳಿಸಿದರು.

"ರಕ್ತದ ರಿಪೋರ್ಟ್ ಬರಲಿ, ನೋಡೋಣ" ಎಂದರು ಕಿರಿಯ ಡಾಕ್ಟರು.

"ಅಷ್ಟು ಹೊತ್ತು ಬೇಡ ಸಾರ್. ಕಾಲಿಗೆ ಬೀಳ್ತೀನಿ, ಈಗಲೇ ಆ ಮದ್ದು ಬರ್ಕೊಡಿ."

ಅವರ ಮುಖ ನೋಡಿ ಡಾಕ್ಟರು ಬರೆದುಕೊಟ್ಟರು. ಕೊಳೆತ ಮೊಟ್ಟೆಯಂತೆ ನಾರುವ ಮದ್ದು ಹನಿಹನಿಯಾಗಿ ಇಳಿಯತೊಡಗಿತು. ಸಂಜೆ ಬಂದ ರಿಪೋರ್ಟಿನಲ್ಲಿ ಲಿವರಿಗೆ ಆಗಲೇ ಪೆಟ್ಟು ಬಿದ್ದಿತ್ತು. ಡಾಕ್ಟರು ಅದನ್ನು ಎರಡು ಸಲ ಓದಿದರು.

ನಾಲ್ಕು ದಿನದ ಮೇಲೆ ಚಾಲಕ ಗುಣವಾಗಿ ಮನೆಗೆ ಹೊರಟ. ಆದರೂ ಸಿಸ್ಟರಿಗೆ ಸಮಾಧಾನವಿಲ್ಲ. ದಿನಾ ಬೆಳಿಗ್ಗೆ ಅವನ ಹೆಂಡತಿಗೆ ಫೋನು: "ಕಣ್ಣು ಹಳದಿಯಾಗಿದೆಯಾ, ಬೆಳಕಿಗೆ ಹಿಡಿದು ನೋಡಮ್ಮ."

ವಾರದ ಮೇಲೆ ಅವಳೇ ಅಂದಳು: "ಅವರು ಲಾರಿ ತಗೊಂಡು ಹೋದ್ರಕ್ಕಾ. ಗಟ್ಟಿಮುಟ್ಟಾಗಿದ್ದಾರೆ. ನೀವಿನ್ನು ಚಿಂತೆ ಬಿಟ್ಬಿಡಿ."

"ಆಯ್ತಮ್ಮ" ಎಂದರು ಸಿಸ್ಟರ್. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ಫೋನ್ ಮಾಡಿದರು.