ಬಾವಿಯೊಳಗಿನ ಭಾಗವತಿಕೆ

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ. ಬಂಟ್ವಾಳ, ಬೆಳ್ತಂಗಡಿ ಕಡೆಯೆಲ್ಲ ಬಾವಿ ತೋಡಿಯೇ ಬದುಕು ಕಟ್ಟಿಕೊಂಡೆ. ನಾನು ತೋಡಿದ ಬಾವಿ ಇವತ್ತಿನವರೆಗೆ ಒಂದೂ ಕುಸಿದಿಲ್ಲ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆದರೆ ಹಾಡಿನ ವಿಷಯದಲ್ಲಿ ಆ ಬಾವಿಗಳೇ ನನಗೆ ಮೋಸ ಮಾಡಿದವು.

ಎಂಟು ಕೋಲು, ಅಂದರೆ ಸುಮಾರು ಇಪ್ಪತ್ತು ಅಡಿ, ಆಳಕ್ಕೆ ಇಳಿದ ಮೇಲೆ ಕೆಂಪುಕಲ್ಲಿನ ಗೋಡೆ ನಮ್ಮ ಸ್ವರವನ್ನು ಸುಮ್ಮನೆ ಬಿಡುವುದಿಲ್ಲ. ಅದನ್ನು ಸುತ್ತಿಸಿ, ದಪ್ಪ ಮಾಡಿ, ಬೆಲ್ಲ ಹಾಕಿದ ಹಾಗೆ ವಾಪಸು ಕೊಡುತ್ತದೆ. ಯಕ್ಷಗಾನದ ಪದ್ಯಗಳು ನನಗೆ ಕೇಳಿ ಕೇಳಿಯೇ ಬಾಯಿಗೆ ಬಂದಿದ್ದವು. ಪಿಕ್ಕಾಸು ಹೊಡೆಯುತ್ತ ಹಾಡುತ್ತಿದ್ದೆ. ಮೇಲೆ ನಿಂತು ರಾಟೆಯಲ್ಲಿ ಮಣ್ಣಿನ ಬುಟ್ಟಿ ಎಳೆಯುವವಳು ನನ್ನ ಹೆಂಡತಿ. "ಒಳ್ಳೆದಾಯ್ತು, ಅದನ್ನು ಇನ್ನೊಮ್ಮೆ ಹೇಳಿ" ಎಂದು ಅವಳು ಬಗ್ಗಿ ಕೂಗಿದರೆ ಬುಟ್ಟಿ ತುಂಬಿಸುವುದೇ ನನಗೆ ಮರೆತುಹೋಗುತ್ತಿತ್ತು.

ನಮ್ಮೂರ ಸಂಘದಲ್ಲಿ ವರ್ಷಕ್ಕೊಮ್ಮೆ ಭಾನುವಾರ ಮಧ್ಯಾಹ್ನ ತಾಳಮದ್ದಳೆ ಉಂಟು. ಅದರಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರು ಕೂತವರು ಅದಕ್ಕೆ ಮಾತು ಕಟ್ಟಿ ಅರ್ಥ ಹೇಳುತ್ತಾರೆ. ಹೋದ ವರ್ಷ ಎರಡು ಪದ್ಯ ನನಗೆ ಬಿಡಿ ಎಂದು ಕೇಳಿಕೊಂಡೆ. ನಮ್ಮಲ್ಲಿ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದು: ಕಪ್ಪು ಒಂದು, ಕಪ್ಪು ಎರಡು, ಹೀಗೆ. ಮೇಲೆ ಹೋದಷ್ಟೂ ಏರುಶ್ರುತಿ. "ಕಪ್ಪು ಮೂರು ಇಡಿ" ಎಂದೆ ನಾನು. ಬಾವಿಯಲ್ಲಿ ಅದು ಸಲೀಸಾಗಿ ಬರುತ್ತಿತ್ತಲ್ಲ!

ಎರಡನೇ ಸಾಲಿನಲ್ಲೇ ಮೇಲಕ್ಕೆ ಹೋದ ಸ್ವರ ಒಡೆಯಿತು. ಹಿಂದಿನ ಸಾಲಿನಿಂದ ಯಾರೋ, "ಮೇಲೆ ಹತ್ಲಿಕ್ಕೆ ಏಣಿ ಕೊಡಿ ಮಾರ್ರೆ ಅವರಿಗೆ!" ಎಂದರು. ಸಭೆಗೆ ಸಭೆಯೇ ನಕ್ಕಿತು. ಎರಡನೇ ಪದ್ಯ ಹೇಳದೆ ಎದ್ದು ಬಂದೆ. ಬರುವ ವರ್ಷ ಅದೇ ಜಾಗದಲ್ಲಿ ಕೂತು ಪೂರಾ ಹಾಡದಿದ್ದರೆ ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ ಮೇಳ ಬಿಟ್ಟು ಮನೆಯಲ್ಲಿರುವ ಒಬ್ಬ ಹಿರಿಯ ಭಾಗವತರಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೋಗಿ ಅವರ ಜಗಲಿಯಲ್ಲಿ ಕೂತೆ. ನನ್ನ ಕಥೆಯೆಲ್ಲ ಕೇಳಿ ಅವರು ಚಪ್ಪಲಿ ಮೆಟ್ಟಿಕೊಂಡರು. ಕಟಾವಾದ ಗದ್ದೆಯ ನಡುವೆ ನನ್ನನ್ನು ನಿಲ್ಲಿಸಿ, "ಹ್ಞಾಂ, ಹೇಳು" ಎಂದರು. ಹೇಳಿದೆ. ಬಾಯಿಂದ ಹೋದ ಸ್ವರ ಹೋಗಿಯೇ ಹೋಯಿತು.

"ಎಲ್ಲಿ ಹೋಯ್ತು ನಿನ್ನ ಸ್ವರ?"

"ಗಾಳಿಗೆ ಹೋಯ್ತು ಭಾಗವತರೇ."

"ಬಾವಿಯೊಳಗೆ ಎಲ್ಲರೂ ಭಾಗವತರೇ ಮಾರಾಯ. ಇಲ್ಲಿ ನಿಂತು ಎಷ್ಟು ಬಂತೋ ಅಷ್ಟೇ ನಿನ್ನದು."

ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ವಿಚಿತ್ರವಾಗಿ ಕಂಡಿತು. "ಪಿಕ್ಕಾಸು ಹೇಗೆ ಹೊಡೀತೀಯಾ? ತೋರಿಸು." ಬರಿಗೈಯಲ್ಲೇ ಹೊಡೆದು ತೋರಿಸಿದೆ. "ನೋಡು, ಎತ್ತುವಾಗ ಹೊಟ್ಟೆ ತುಂಬ ಉಸಿರು ತಗೊಂಡೆ. ಹೊಡೆಯುವಾಗ ಬಿಟ್ಟೆ. ಹಾಡುವಾಗ ಯಾಕೆ ಹೆಗಲು ಎತ್ತಿ, ಗಂಟಲು ಬಿಗಿ ಮಾಡಿ, ಉಸಿರು ಹಿಡ್ಕೊಂಡು ಒದ್ದಾಡ್ತೀಯಾ?" ಇಷ್ಟು ವರ್ಷ ದಿನಕ್ಕೆ ಸಾವಿರ ಸಲ ಮಾಡಿದ ಕೆಲಸ ನನ್ನ ಮೈಯಲ್ಲೇ ಇತ್ತು. ಹಾಡಿಗೆ ಅದು ಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಎರಡನೆಯ ಮಾತು ನುಂಗಲು ಕಷ್ಟವಾಯಿತು. "ನಿನ್ನದು ಕಪ್ಪು ಒಂದು" ಎಂದರು.

"ಅದು ತಗ್ಗಾಯ್ತಲ್ಲ?"

"ತಗ್ಗಿಗೆ ಇಳಿಯದೆ ನೀನು ಎಂದಾದರೂ ನೀರು ಕಂಡದ್ದುಂಟಾ?"

ಆಮೇಲೆ ಪ್ರತಿ ಭಾನುವಾರ ಅವರಲ್ಲಿಗೆ ಹೋದೆ. ಹಾಡುವುದು ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ಕೇಳುವ ಕಿವಿ ಮಾತ್ರ ಬದಲಾಯಿತು. ಮೊದಲೆಲ್ಲ ಯಾರು ಎತ್ತರಕ್ಕೆ ಹೋದರು ಎಂದಷ್ಟೇ ನೋಡುತ್ತಿದ್ದೆ. ಈಗ ಮೊಬೈಲಿನಲ್ಲಿ ಪದ್ಯ ಹಾಕಿದರೆ, ಇವರು ಉಸಿರು ಎಲ್ಲಿ ತೆಗೆದುಕೊಂಡರು ಎಂದು ಹುಡುಕುತ್ತೇನೆ. ಹುಡುಕಿಯೂ ಸಿಗದಿದ್ದರೆ ಆ ದಿನವೆಲ್ಲ ಖುಷಿ.

ಭಾಗವತರ ಮಾತಿನ ಮೇಲೆ ಈ ವರ್ಷದ ತಾಳಮದ್ದಳೆಗೆ ಸಂಘದವರು ಅರ್ಧ ಪ್ರಸಂಗವನ್ನೇ ನನಗೆ ಬಿಟ್ಟರು. ಪುತ್ತಿಗೆಯ ಭಾಗವತರು ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದರು, ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿಯೂ ಇದ್ದಳು. ನಾನು ತಾಳ ಕೈಗೆತ್ತಿಕೊಂಡಾಗ ಮದ್ದಳೆಯವನು ಹಲ್ಲು ಬಿಟ್ಟು ಕೇಳಿದ, "ಅಣ್ಣಾ, ಈ ಸಲವೂ ಕಪ್ಪು ಮೂರೇ ಅಲ್ವಾ? ಅದಕ್ಕೆ ಸೇರುವ ಮದ್ದಳೆಯನ್ನೇ ತೆಗೆದಿಟ್ಟಿದ್ದೇನೆ." ಮೈಕ್ ಆನ್ ಇತ್ತು, ಎಲ್ಲರಿಗೂ ಕೇಳಿತು. ಹೌದು ಎಂದರೆ ಮರ್ಯಾದೆ ಒಂದು ಪದ್ಯದವರೆಗೆ ಉಳಿಯುತ್ತಿತ್ತು.

"ಅಲ್ಲ, ಕಪ್ಪು ಒಂದು ಮಾಡುವ" ಎಂದೆ, ಮೈಕಿಗೆ ಕೇಳುವ ಹಾಗೆಯೇ.

ಅವನು ಇನ್ನೊಂದು ಮದ್ದಳೆಯನ್ನು ಚೀಲದಿಂದ ತೆಗೆದು ಶ್ರುತಿ ಸೇರಿಸುವವರೆಗೆ ಸಭೆ ಕಾಯಬೇಕಾಯಿತು. ಹಿಂದಿನಿಂದ ಅದೇ ಸ್ವರ: "ಈ ಸಲ ಏಣಿ ಬೇಡ್ವಾ?"

"ಬೇಡ ಮಾರ್ರೆ, ನಾನು ಕೆಳಗೆಯೇ ಕೆಲಸ ಮಾಡುವವ."

ಮತ್ತೆ ನಗು. ಈ ಸಲ ಆ ನಗುವಿನಲ್ಲಿ ನಾನೂ ಇದ್ದೆ. ನಗುತ್ತ ನಗುತ್ತ ಹೊಟ್ಟೆ ಸಡಿಲವಾಯಿತು, ಉಸಿರು ತಾನಾಗಿ ಕೆಳಗಿಳಿಯಿತು. ಪಿಕ್ಕಾಸು ಎತ್ತಿದ ಹಾಗೆ ಉಸಿರು ತೆಗೆದೆ, ಬಿಟ್ಟೆ. ಮೊದಲ ಪದ್ಯ ಹೋದ ವರ್ಷದ್ದೇ. ಆಗ ಒಡೆದ ಜಾಗಕ್ಕೆ ಸ್ವರ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ಇಳಿಯಿತು. ಮದ್ದಳೆಯವನು ತಲೆ ಆಡಿಸಿದ. ಪದ್ಯದ ಮೇಲೆ ಪದ್ಯ ಬಂತು. ನನ್ನ ಪಾಲು ಮುಗಿದದ್ದು, ಮುಂದಿನವರು ತಾಳಕ್ಕೆ ಕೈ ಚಾಚಿದಾಗಲೇ ಗೊತ್ತಾಯಿತು.

ಚಹಾ ಕುಡಿಯುವಾಗ ಭಾಗವತರು ಹತ್ತಿರ ಬಂದರು. "ಮೂರನೇ ಪದ್ಯದಲ್ಲಿ ತಾಳ ಓಡಿತು. ಭಾನುವಾರ ಬಾ, ಸರಿ ಮಾಡುವ." ಅವರು ತಪ್ಪು ಹುಡುಕಬೇಕಾದರೆ ಮೂರನೇ ಪದ್ಯದವರೆಗೆ ಕಾಯಬೇಕಾಯಿತಲ್ಲ ಎಂದು ನನಗೆ ಒಳಗೊಳಗೇ ಸಂತೋಷ.

ಮರುದಿನ ಚಾರ್ಮಾಡಿಯಲ್ಲಿ ಅರ್ಧ ತೋಡಿಟ್ಟ ಬಾವಿಯ ಕೆಲಸ. ಆಳಕ್ಕಿಳಿದು ಹಿಂದಿನ ದಿನದ ಮೊದಲ ಪದ್ಯವನ್ನೇ ಹೇಳಿದೆ. ಗೋಡೆ ಎಂದಿನ ಹಾಗೆ ಅದಕ್ಕೆ ಬೆಲ್ಲ ಹಾಕಿ ಕೊಟ್ಟಿತು. ಹೆಂಡತಿ ಮೇಲಿನಿಂದ ಬಗ್ಗಿದಳು.

"ಹೇಗಾಯ್ತು?" ಎಂದೆ.

"ಆಯ್ತು. ಆದ್ರೆ ನಿನ್ನೆಯದ್ದೇ ಚಂದ ಇತ್ತು" ಎಂದು ಅವಳು ಖಾಲಿ ಬುಟ್ಟಿ ಇಳಿಸಿದಳು.