ಉಸಿರು ತೂತಿಗೆ ತುರುಕಿದ ಖಣ

ಉಸ್ತಾದರ ಅಂಗಿಗೆ ಬೆನ್ನೇ ಇರುತ್ತಿರಲಿಲ್ಲ. ಎದೆಯ ಕಡೆ ಗುಂಡಿ, ಜೇಬು ಎಲ್ಲ ನೆಟ್ಟಗೆ. ತಿರುಗಿ ನಿಂತರೆ ಬಟ್ಟೆ ಸವೆದು ಜಾಲರಿಯಾಗಿ ಬೆನ್ನುಮೂಳೆ ಎಣಿಸುವಂತಿತ್ತು. ದಿನವೆಲ್ಲ ಲಾರಿಗಳ ಕೆಳಗೆ ಅಂಗಾತ ಜಾರಾಡುವವರ ಅಂಗಿ ಹಾಗೆಯೇ ಹರಿಯುತ್ತದೆ. ಹಳಿಯಾಳದಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವರ ತಗಡಿನ ಶೆಡ್ ಇತ್ತು. ನನ್ನ ಅಣ್ಣನ ಲಾರಿಯನ್ನು ಅವರೊಬ್ಬರೇ ಮುಟ್ಟುತ್ತಿದ್ದರು.

ಅದು ಯುದ್ಧದ ಕಾಲದ ಮಿಲಿಟರಿ ಲಾರಿ, ಹರಾಜಿನಲ್ಲಿ ಹಿಡಿದದ್ದು. ಅಣ್ಣ ಅದರಲ್ಲಿ ಜೊಯಿಡಾದ ಅಡವಿಯಿಂದ ದಾಂಡೇಲಿಗೆ ಬಿದಿರು ಹೇರುತ್ತಿದ್ದ. ಉಸ್ತಾದರು ಅದನ್ನು ಮುದುಕಿ ಎಂದು ಕರೆಯುತ್ತಿದ್ದರು. ನೆಲಕ್ಕೆ ಬಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ನಾಲಗೆಯ ತುದಿಗೆ ತಾಗಿಸಿ, ಯಾವ ಭಾಗದಿಂದ ಸೋರಿದ್ದೆಂದು ಹೇಳಿ ಉಗುಳುವರು. ತಪ್ಪಿದ್ದನ್ನು ನಾನು ಕಂಡಿಲ್ಲ.

ಕ್ಷಮಿಸುವುದು ಮಾತ್ರ ಅವರ ಸ್ವಭಾವವಾಗಿರಲಿಲ್ಲ. ಅವರು ಬಿಗಿದ ನಟ್ಟು ಸಡಿಲವಿತ್ತೆಂದು ಒಬ್ಬ ಡ್ರೈವರ್ ಸಂತೆಯಲ್ಲಿ ಆಡಿಕೊಂಡ. ಕೆಲವು ತಿಂಗಳ ಮೇಲೆ ಅವನ ಗಾಡಿ ಶೆಡ್ಡಿನ ಎದುರಿಗೇ ಕೆಟ್ಟು ನಿಂತಿತು. ಉಸ್ತಾದರು ಮೂರು ದಿನ ಅವನಿಗೆ ಚಹಾ ಕೊಟ್ಟರು, ನಟ್ಟು ತಿರುಗಿಸುವ ಪಾನಾ ಕೊಡಲಿಲ್ಲ. “ಚಾ ಕುಡೀರಿ ಸಾಹೇಬ್ರ. ಉಳದ ನಟ್ಟು ಸಡ್ಲ ಅದಾವೇನ ನೋಡ್ಕೋತ ಕುಂಡ್ರಿ.”

ಇನ್ನು ನನ್ನ ಮಾತು. ಅವ್ವ ತೀರಿದ ಮೇಲೆ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಒಲೆ ಹಿಡಿದವಳು ನಾನು. ವಯಸ್ಸಿಗೆ ಬಂದಾಗ ಮುಂಡಗೋಡದ ಕಡೆಯ ಪಾಳಾದಿಂದ ಒಂದು ಒಕ್ಕಲುಮನೆಯವರು ನೋಡಲು ಬಂದು, ಒಪ್ಪಿ ಹೋದರು. ಮತ್ತೆ ಬರಲಿಲ್ಲ. ಯಾಕೆಂದು ವರ್ಷದ ಮೇಲೆ ನೆರೆಯವಳು ಹೇಳಿದಳು: “ನಿಮ್ಮಣ್ಣನೇ ಹೇಳಿ ಕಳಿಸಿದ್ನಂತಲ್ಲ, ಆಕಿಗೆ ಮೂರ್ಛಿ ಬರ್ತೈತಿ ಅಂತ.”

ನನಗೆ ಮೂರ್ಛೆ ಎಂದೂ ಬಂದಿಲ್ಲ. ಅಣ್ಣನಿಗೆ ಮನೆಯಲ್ಲಿ ರೊಟ್ಟಿ ಬಡಿಯುವವಳು ಬೇಕಾಗಿತ್ತು, ಅಷ್ಟೆ. ಆ ಮಾತು ಸುತ್ತಲಿನ ಊರಿಗೆಲ್ಲ ಹಬ್ಬಿತು. ಮತ್ತೆ ಯಾರೂ ನನ್ನನ್ನು ಕೇಳಿಕೊಂಡು ಬರಲಿಲ್ಲ. ಅಣ್ಣನನ್ನು ನಾನು ಏನೂ ಕೇಳಲಿಲ್ಲ. ಕೇಳಿದರೆ ನನ್ನ ಸಿಟ್ಟು ಕರಗೀತೆಂದು ಕೇಳಲಿಲ್ಲ. ಅವನಿಗೆ ಹೆಮ್ಮೆ ಇದ್ದದ್ದು ಒಂದೇ, ಹನಿ ಎಣ್ಣೆ ಸೋರದ ಲಾರಿ. ಅದನ್ನೇ ಕೆಡಿಸಬೇಕೆಂದುಕೊಂಡೆ.

ದಾರಿಯನ್ನು ಉಸ್ತಾದರ ಬಾಯಿಂದಲೇ ಕೇಳಿದ್ದೆ. ನಮ್ಮ ಅಂಗಳದಲ್ಲಿ ಲಾರಿಯ ಹಿಂದಿನ ಆಕ್ಸಲ್ ಮೇಲಿದ್ದ ಸಣ್ಣ ಟೋಪಿಯಂಥದ್ದನ್ನು ಎತ್ತಿ, ಅದರ ಕೆಳಗಿನ ತೂತಿಗೆ ತಂತಿ ಹಾಕಿ ಕೊಳೆ ತೆಗೆಯುತ್ತ ಅಣ್ಣನಿಗೆ ಹೇಳುತ್ತಿದ್ದರು: “ಇದು ಮುದುಕೀದು ಉಸಿರು ತೂತು. ಓಡಿದಂಗ ಒಳಗಿನ ಎಣ್ಣಿ ಕಾಯ್ತೈತಿ, ಕಾದ ಹವಾ ಇದರಾಗಿಂದ ಹೊರಗ ಹೊಕ್ಕೈತಿ. ಇದು ಕಟ್ತಂದ್ರ ಹವಾ ಎಣ್ಣೀನ ಸೀಲಿನ ಕಡೆ ನೂಕಿ ಹೊರಗ ಸೋರಸ್ತೈತಿ. ಹೊಸಾ ಸೀಲ್ ಹಾಕಿದ್ರೂ ಅಷ್ಟ.” ಅಷ್ಟರಲ್ಲಿ ಅಣ್ಣ ಚಹಾ ತರಲು ಕೂಗಿದ. ಮುಂದಿನ ಮಾತು ನನ್ನ ಕಿವಿಗೆ ಬೀಳಲಿಲ್ಲ.

ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ, ಅಣ್ಣ ಉಂಡು ಮಲಗಿದ್ದಾಗ, ಕುಪ್ಪಸ ಹೊಲಿದು ಉಳಿದಿದ್ದ ಖಣದ ತುಂಡನ್ನು ಬತ್ತಿಯಂತೆ ಹೊಸೆದು ಆ ತೂತಿಗೆ ಗಟ್ಟಿಯಾಗಿ ತುರುಕಿ ಟೋಪಿ ಮುಚ್ಚಿದೆ.

ವಾರದೊಳಗೆ ಲಾರಿ ನಿಂತಲ್ಲೆಲ್ಲ ಕಪ್ಪು ಕಲೆ. ಹಾದಿಯಲ್ಲಿ ಹೋಗುವ ಡ್ರೈವರುಗಳು ನಮ್ಮ ಬಾಗಿಲಿಗೇ ಬಂದು ಕೂಗುವರು: “ಎಣ್ಣಿ ಮಾರಾಂವ ಅದಾನೇನ್ರಿ? ಬಾಟ್ಲಿ ತಂದೇನಿ.” ಅಣ್ಣ ಹಲ್ಲು ಕಡಿಯುವುದು ಕೇಳಿದರೆ ನನಗೆ ಒಂದು ರೊಟ್ಟಿ ಹೆಚ್ಚು ಸೇರುತ್ತಿತ್ತು. ಉಸ್ತಾದರು ಎರಡು ಸಲ ಸೀಲ್ ಬದಲಿಸಿದರು. ಉಸಿರು ತೂತನ್ನು ನೋಡಲಿಲ್ಲ. ಇತ್ತೀಚೆಗಷ್ಟೇ ಅದರ ಕೊಳೆ ತೆಗೆದವರು ತಾವೇ. ತಮ್ಮ ಕೈ ಆಡಿದ ಜಾಗವನ್ನು ಮತ್ತೆ ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಸೋರಿದ ಎಣ್ಣೆ ಗಾಲಿಯೊಳಗೆ ಹೋಗಿ ಬ್ರೇಕಿನ ಪಟ್ಟಿಗೆ ಹತ್ತುತ್ತದೆ ಎನ್ನುವುದು ನಾನು ಕೇಳಿಸಿಕೊಳ್ಳದೆ ಬಿಟ್ಟ ಮಾತು. ಜೊಯಿಡಾದ ಇಳಿಜಾರಿನಲ್ಲಿ, ಬಿದಿರು ತುಂಬಿದ ಲಾರಿಗೆ ಬ್ರೇಕ್ ಹಿಡಿಯಲಿಲ್ಲ. ಅಣ್ಣ ಅದನ್ನು ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿಸಿ ನಿಲ್ಲಿಸಿದ. ಜೀವ ಉಳಿಯಿತು, ಎಡ ಮೊಣಕೈ ಮುರಿಯಿತು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡೇ ಅವನು ಚಹಾದ ಹೋಟೆಲಿನಲ್ಲಿ ಎಲ್ಲ ಡ್ರೈವರುಗಳ ಮುಂದೆ ಹೇಳಿದ: “ಹಳೇ ಸೀಲ್ ತೊಳದು, ಹೊಸಾವು ಅಂತ ಹಾಕ್ಯಾನ ಆ ಉಸ್ತಾದ.” ಮರುದಿನದಿಂದ ಶೆಡ್ಡಿನ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಯಿತು.

ಎಳೆದು ತಂದ ಲಾರಿ ನಮ್ಮ ಅಂಗಳದಲ್ಲಿತ್ತು. ಅಣ್ಣ ಹೊರಗೆ ಹೋದದ್ದನ್ನು ನೋಡಿ ಉಸ್ತಾದರು ಬಂದರು. “ತಂಗಿ, ಒಂದ್ ಚರಿಗಿ ನೀರ ಕೊಡು” ಎಂದು ಲಾರಿಯ ಕೆಳಗೆ ಜಾರಿದರು. ನಾನು ನೀರು ತಂದು ನಿಂತೆ. ಹೊರಗೆ ಬಂದಾಗ ಅವರ ಅಂಗೈಯಲ್ಲಿ ಖಣದ ತುಂಡು. ಎಣ್ಣೆ ಕುಡಿದು ಕರಿದಾಗಿತ್ತು. ಬಿಚ್ಚಿದರೆ ಮಡಿಕೆಯೊಳಗೆ ಕೆಂಪು ಅಂಚು ಹಾಗೇ ಇತ್ತು. ಅದನ್ನು ನೋಡಿದರು, ನನ್ನ ಕುಪ್ಪಸದ ತೋಳನ್ನು ನೋಡಿದರು.

“ಖಣ ಛಲೋ ಐತಿ” ಎಂದರು.

“ಅಂವ ನನ್ನ ಬಾಳೇ ಕೆಡಿಸ್ಯಾನ್ರಿ.”

“ಅಂವ ನಿನ್ನ ಕೆಡಿಸಿದ. ನೀ ನನ್ನ ಯಾಕ ಕೆಡಿಸಿದಿ?”

“ಬ್ರೇಕಿಗೆ ಹತ್ತತೈತಿ ಅಂತ ಗೊತ್ತಿರಲಿಲ್ರಿ.”

“ನಾ ಹೇಳಿದ್ದೆ. ನೀ ಚಾ ತರಾಕ ಹೋಗಿದ್ದಿ.”

“ಅಣ್ಣಗ ಹೇಳ್ತೀರೇನ್ರಿ?”

“ನಾ ಹೇಳಿದ್ರ, ತಪ್ಪಿಸ್ಕೊಳ್ಳಾಕ ಹೆಣ್ಣಮಗಳ ಮ್ಯಾಲ ಹಾಕ್ದ ಅಂತಾರ. ನೀ ಹೇಳು. ಹೇಳೂ ತನಕಾ ನಾ ಕೇಳ್ಕೋತ ಇರ್ತೇನಿ.” ಖಣವನ್ನು ಜೇಬಿಗಿಟ್ಟುಕೊಂಡು, ಚರಿಗೆಯನ್ನು ಮುಟ್ಟದೆ ಹೋದರು.

ಹೇಳಿದಂತೆಯೇ ಕೇಳಿದರು. ಸಂತೆಗೆ ಹೋಗುವಾಗ ನಾನು ಶೆಡ್ಡಿನ ಮುಂದೆ ಹಾಯಲೇಬೇಕಿತ್ತು. “ಆತೇನು ತಂಗಿ?” ಎನ್ನುವರು. ಸಂತೆ ಆಯಿತೇ ಎಂದು ಕೇಳುತ್ತಾರೆಂದು ಜನ ತಿಳಿಯುತ್ತಿದ್ದರು. “ಇನ್ನೂ ಇಲ್ರಿ” ಎನ್ನುತ್ತಿದ್ದೆ. ಸುತ್ತು ಹಾಕಿ ಬೇರೆ ಓಣಿಯಿಂದ ಹೋದರೆ, ಮುಂದಿನ ಸಂತೆಯಲ್ಲಿ ಆ ಓಣಿಯ ಬಾಯಿಗೇ ಬೀಡಿ ಸೇದುತ್ತ ನಿಂತಿರುವರು. ಒಮ್ಮೆಯೂ ದನಿ ಏರಿಸಲಿಲ್ಲ, ಒಮ್ಮೆಯೂ ಬಿಡಲಿಲ್ಲ. ಅಷ್ಟರಲ್ಲಿ ಅವರ ಶೆಡ್ಡಿಗೆ ಲಾರಿಗಳು ಬರುವುದು ಪೂರಾ ನಿಂತು, ಸೈಕಲ್ಲಿನ ಪಂಕ್ಚರ್ ಹಚ್ಚುತ್ತಿದ್ದರು.

ಅಂಜಿ ಸುಮ್ಮನಿದ್ದೆ ಎಂದು ಬರೆಯಬಹುದು. ಅದು ಸುಳ್ಳು. ಅಣ್ಣ ಆ ಮಡಚಿದ ಕೈಯಲ್ಲಿ ಅಂಗಿಯ ಗುಂಡಿ ಹಾಕಲು ಒದ್ದಾಡಿ, ಕೊನೆಗೆ ನನ್ನನ್ನೇ ಕರೆಯುತ್ತಿದ್ದ. ಬೇಕೆಂದೇ ತಡಮಾಡಿ ಹೋಗುತ್ತಿದ್ದೆ. ಹೇಳಿಬಿಟ್ಟರೆ ಅವನು ನೊಂದವನಾಗುತ್ತಿದ್ದ, ನಾನು ಪಾಪಿಯಾಗುತ್ತಿದ್ದೆ; ಆ ಸುಖ ಹೋಗುತ್ತಿತ್ತು. ಅದನ್ನು ಉಳಿಸಿಕೊಳ್ಳಲು ಒಬ್ಬ ನೇರ ಮನುಷ್ಯನ ಹೆಸರನ್ನು ಬಲಿ ಕೊಟ್ಟೆ. ಈಗ ಅವರಿಬ್ಬರೂ ಇಲ್ಲ, ಹೇಳಿಕೊಳ್ಳಲು ಯಾರೂ ಉಳಿದಿಲ್ಲ.

ಮೊದಲು ತೀರಿದವರು ಉಸ್ತಾದರು. ಆ ಸುದ್ದಿ ಬಂದಾಗ ಅಣ್ಣ ಊಟಕ್ಕೆ ಕುಳಿತಿದ್ದ.

“ಹಳೇ ಸೀಲಿನಾಂವ ಹೋದ್ನಂತ” ಎಂದ.

“ಮಣ್ಣಿಗೆ ಹೋಗಿ ಬರ್ತಿ ಏನು?”

“ನನ್ನ ಕೈ ಮುರದಾಂವಗ ಮಣ್ಣ ಹಾಕಾಕ ಹೋಗ್ಲೇನು?”

ನಾನು ಬಾಯಿ ತೆರೆದೆ. ಮಾತು ನಾಲಗೆಯ ಮೇಲೇ ಇತ್ತು.

“ಏನ ನಿಂತಿ? ರೊಟ್ಟಿ ಹಾಕು” ಎಂದ.

ಹಾಕಿದೆ.