ಕೊನೆಯ ಸೀಟು

ಜರ್ಮನಿಯ ಸಿಂಡೆಲ್‌ಫಿಂಗೆನ್‌ಗೆ ಬಂದ ಹೊಸತರಲ್ಲಿ ಜರ್ಮನ್ ಕಲಿಯಲು ಸಾರ್ವಜನಿಕ ಕಾಲೇಜೊಂದರ ಸಾಲಿನಲ್ಲಿ ನಿಂತಿದ್ದೆ. ಮೈಸೂರಿನಲ್ಲಿ ಎರಡೇ ಅಂಕಕ್ಕೆ ಸೀಟು ಕಳೆದುಕೊಂಡವಳು ನಾನು. “ಒರಿಜಿನಲ್ಸ್ ಎಲ್ಲಾ ತಗೊಂಡು ಹೋಗು, ಒಂದು ಪೇಪರ್ ಕಮ್ಮಿಯಾದ್ರೂ ವಾಪಸ್ ಕಳಿಸ್ತಾರೆ” ಎಂದು ಗಂಡ ಬೇರೆ ಹೆದರಿಸಿದ್ದರು.

ನನ್ನ ಸರದಿ ಬಂದಾಗ ನೋಡಿದರೆ ಮಾರ್ಕ್ಸ್ ಕಾರ್ಡುಗಳು ಹಿಂದುಮುಂದಾಗಿದ್ದವು. ಎಸ್ಸೆಸ್ಸೆಲ್ಸಿಯಿಂದ ಜೋಡಿಸಿಕೊಳ್ಳುತ್ತಾ, ಹಿಂದಿದ್ದ ಹೆಂಗಸಿಗೆ ಮುಂದೆ ಹೋಗುವಂತೆ ಸನ್ನೆ ಮಾಡಿದೆ. ಆಕೆ ಹೆಸರು, ವಿಳಾಸ ಬರೆದುಕೊಟ್ಟು ಹೊರಟಳು.

ನಾನು ಫೈಲು ಮುಂದಿಟ್ಟೆ. ಕೌಂಟರಿನಲ್ಲಿದ್ದಾಕೆ ಅದನ್ನು ಮುಟ್ಟಲೂ ಇಲ್ಲ. “ಇಲ್ಲಿ ಅಂಕ ನೋಡುವುದಿಲ್ಲ, ಮೊದಲು ಬಂದವರಿಗೆ ಸೀಟು. ಕೊನೆಯದು ಈಗಷ್ಟೇ ಹೋಯಿತು” ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಆ ಹೆಂಗಸು ಬಾಗಿಲಿನಿಂದ ತಿರುಗಿ ನನಗೆ “ಡಾಂಕೆ” ಎಂದು ಧನ್ಯವಾದ ಹೇಳಿದಳು. ಅಷ್ಟು ಜರ್ಮನ್ ನನಗೂ ಬರುತ್ತಿತ್ತು.